ಮೇಲಿನ ಬಿರಡೆ

"ಅಜ್ಜಯ್ಯ, ಹೊಟ್ಟೇಲಿ ಇರೋದನ್ನೆಲ್ಲ ಹೇಳಿಬಿಡೋದು ಒಳ್ಳೇದೋ, ನುಂಗಿಕೊಂಡು ಇರೋದು ಒಳ್ಳೇದೋ?"

ಕೇಳಿದವನು ಹಾಲೇಶ. ಆಯುಧಪೂಜೆ ದಿನ ಮಧ್ಯಾಹ್ನ ಮಠಕ್ಕೆ ಬಂದಿದ್ದ. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಆ ಹೊತ್ತಲ್ಲಿ ಗುರುಗಳು ಒಬ್ಬರೇ ಇದ್ದರು. ಆ ಕಡೆ ಜನ ಗುರುಗಳನ್ನ ಅಜ್ಜಯ್ಯ ಅಂತಲೇ ಕರೀತಾರೆ.

"ಯಾರಿಗೆ ಹೇಳೋದು?" ಅಂತ ಅಜ್ಜಯ್ಯ ಕೇಳಿದರು.

"ನಮ್ಮಣ್ಣಂಗೆ. ನಾಳೆ ಬನ್ನಿ ಕೊಡೋಕೆ ಮನೆಗೆ ಬರ್ತಾನಂತೆ. ಹೇಳಿ ಕಳಿಸಿದಾನೆ. ನಾವು ಮಾತಾಡಿ ಒಂಬತ್ತು ವರ್ಷ ಆಯ್ತು."

ದಸರಾದ ಕೊನೇ ದಿನ ಬನ್ನಿ ಎಲೆ ಕೈಗೆ ಕೊಟ್ಟು, ಬಂಗಾರದ ಹಾಗೆ ಇರೋಣ ಅನ್ನೋದು ಆ ಕಡೆ ವಾಡಿಕೆ. ಎಲೆ ತಗೊಂಡರೆ ಹಳೇ ಜಗಳ ಮುಗಿದ ಹಾಗೆ.

"ಏನು ಮಾಡಿದ ನಿಮ್ಮಣ್ಣ?"

"ಅಪ್ಪ ತೀರಿಕೊಂಡಾಗ ನಂಗೆ ಹೇಳಲಿಲ್ಲ. ಮಣ್ಣು ಮಾಡಿದ ಮೇಲೆ ಹೇಳಿ ಕಳಿಸಿದ. ನಾನು ಬಸ್ ಇಳಿದು ಓಡಿ ಹೋದರೆ ಅಂಗಳ ತೊಳೆದು ಆಗಿತ್ತು. ಅಪ್ಪನ ಮುಖ ನಾನು ನೋಡಲಿಲ್ಲ ಅಜ್ಜಯ್ಯ."

"ಯಾಕೆ ಹೇಳಲಿಲ್ಲ ಅಂತ ಕೇಳಿದ್ಯಾ?"

"ಕೇಳೋದೇನು ಬಂತು? ಗೊತ್ತಿರೋದೇ."

ಹಾಲೇಶ ನೋಟ್‌ಬುಕ್ ಎತ್ತಿ ತೋರಿಸಿದ. "ಎಲ್ಲ ಇದರಲ್ಲಿದೆ. ಅವನು ಮಾಡಿದ್ದು ಒಂದೂ ಬಿಟ್ಟಿಲ್ಲ. ನಾಳೆ ಅವನು ಎಲೆ ಚಾಚಿದ ತಕ್ಷಣ ನಿಲ್ಲಿಸಿಕೊಂಡು ಓದಬೇಕು ಅಂತಿದೀನಿ. ಪೂರ್ತಿ ಓದಿ ಖಾಲಿ ಆಗಿಬಿಡಬೇಕು ನಾನು. ಇಲ್ಲ, ಏನೂ ಬೇಡ, ಸುಮ್ಮನೆ ಎಲೆ ತಗೊಂಡು ಕಳಿಸಿಬಿಡ್ಲಾ? ಎರಡರಲ್ಲಿ ಯಾವುದು ಸರಿ, ನೀವೇ ಹೇಳಿ."

ಅಜ್ಜಯ್ಯ ಎರಡರಲ್ಲಿ ಒಂದನ್ನೂ ಹೇಳಲಿಲ್ಲ.

"ಕೂತ್ಕೋ. ಇವತ್ತು ಆಯುಧಪೂಜೆ ಅಲ್ವಾ, ಗಾಡಿ ಕತೆ ಹೇಳ್ತೀನಿ. ಒಬ್ಬ ಡ್ರೈವರ್ ಇದ್ದ. ಹೆಸರು ಬೇಡ, ಇನ್ನೂ ಬದುಕಿದಾನೆ."

ಹಾಲೇಶ ಕೂತ. ನೋಟ್‌ಬುಕ್ ತೊಡೆ ಮೇಲೆ ಇಟ್ಟುಕೊಂಡ. ಅಜ್ಜಯ್ಯ ಹೇಳಿದ ಕತೆ ಇದು.

ಡ್ರೈವರಿಗೆ ಸ್ವಂತ ಕಾರು ಇತ್ತು. ಹಳೇ ಕಾರು. ಅವನ ಗೋಡೆ ಆಚೆ ಇನ್ನೊಬ್ಬ ಇದ್ದ, ಅವನದು ಟೆಂಪೋ. ಊರಿಗೆಲ್ಲ ಬಾಡಿಗೆಗೆ ಸಿಗೋ ಗಾಡಿ ಅವೆರಡೇ. ಇಬ್ಬರೂ ಚಿಕ್ಕವರಿದ್ದಾಗಿಂದ ಜೊತೆಗೆ ಬೆಳೆದವರು. ಆದರೆ ಎರಡು ವರ್ಷದಿಂದ ಮಾತಿರಲಿಲ್ಲ.

ಕಾರಣ ಇಷ್ಟೇ. ಒಂದು ಮದುವೆ ದಿಬ್ಬಣದಲ್ಲಿ ಕಾರು ನಿಂತುಹೋಯಿತು. ಒಳಗೆ ಮದುಮಗಳು ಕೂತಿದ್ದಳು. ಹಿಂದಿನಿಂದ ಟೆಂಪೋದವನು ಇಳಿದು ಬಂದು ಹೇಳಿದ, "ಈ ಕಾರಿಗೆ ಪೆಟ್ರೋಲ್ ಬೇಡ ಕಣ್ರೋ, ತಳ್ಳೋಕೆ ಉಂಡ ಗಂಡಸರು ನಾಲ್ಕು ಜನ ಸಾಕು." ಎಲ್ಲರೂ ನಕ್ಕರು. ಮದುಮಗಳೂ ನಕ್ಕಳು. ಮದುಮಗಳು ನಕ್ಕಿದ್ದನ್ನ ಡ್ರೈವರಿಗೆ ತಡಕೊಳ್ಳೋಕಾಗಲಿಲ್ಲ.

ಅವತ್ತಿಂದ ಅವನು ಟೆಂಪೋದವನ ಜೊತೆ ಮಾತು ಬಿಟ್ಟ. ಕಾರನ್ನ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಎಲ್ಲೂ ಒಂದು ತೊಟ್ಟು ಎಣ್ಣೆ ಸೋರಬಾರದು. ಎಲ್ಲೂ ಒಂದು ನಟ್ಟು ಅಲ್ಲಾಡಬಾರದು. ಯಾರೂ ಮತ್ತೆ ನಗಬಾರದು.

ಇಲ್ಲಿ ಅಜ್ಜಯ್ಯ ಕತೆ ನಿಲ್ಲಿಸಿ, "ಗೇರ್ ಬಾಕ್ಸ್ ಗೊತ್ತಾ ನಿನಗೆ?" ಅಂತ ಕೇಳಿದರು.

"ಅಷ್ಟೊಂದು ಗೊತ್ತಿಲ್ಲ."

"ನನಗೂ ಗೊತ್ತಿರಲಿಲ್ಲ. ಆ ಡ್ರೈವರೇ ಹೇಳಿದ್ದು. ಒಳಗೆ ಹಲ್ಲಿನ ಚಕ್ರ ತಿರುಗ್ತವೆ. ಅವು ಎಣ್ಣೇಲಿ ನೆನೀತಾ ಇರಬೇಕು. ಎಣ್ಣೆ ಹಳೇದಾದರೆ ಬದಲಾಯಿಸಬೇಕು. ಅದಕ್ಕೆ ಎರಡು ಬಿರಡೆ ಇರ್ತವೆ, ತಿರುಪಿನ ಮುಚ್ಚಳ. ತಳದ್ದು ಬಿಚ್ಚಿದರೆ ಹಳೇದು ಇಳೀತದೆ. ಪಕ್ಕದಲ್ಲಿ, ಸ್ವಲ್ಪ ಮೇಲೆ ಇನ್ನೊಂದು. ಅದನ್ನ ಬಿಚ್ಚಿದರೆ ಹೊಸದು ತುಂಬಬಹುದು. ಅಷ್ಟು ತಿಳಿದರೆ ಸಾಕು."

ಆ ಮೇಲಿನ ಬಿರಡೆ ಹತ್ತಿರ ಸ್ವಲ್ಪ ಎಣ್ಣೆ ಜಿನುಗುತ್ತಿತ್ತು. ಡ್ರೈವರಿಗೆ ಅಷ್ಟೂ ಸಹಿಸೋಕಾಗಲಿಲ್ಲ. ಸ್ಪ್ಯಾನರ್ ಹಿಡಿಗೆ ಉದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಮೈಭಾರ ಎಲ್ಲ ಹಾಕಿ ಬಿಗಿದ. ಅದೂ ಸಾಲದೆ ಸುತ್ತ ಗಟ್ಟಿ ಅಂಟು ಮೆತ್ತಿದ. ಅಂಟು ಒಣಗಿ ಕಲ್ಲಾಯಿತು. "ಇನ್ನು ಯಾರ ಅಪ್ಪ ಬಂದರೂ ಇದರಿಂದ ಒಂದು ಹನಿ ತೆಗೆಯೋಕಾಗಲ್ಲ," ಅಂತ ಹೆಂಡತಿಗೆ ಹೇಳಿದ. ಅವಳು, "ನಿಮ್ಮ ಬಾಯಿಗೂ ಒಂಚೂರು ಮೆತ್ಕೊಳ್ಳಿ," ಅಂದಳು.

ಹೀಗೇ ಎರಡು ವರ್ಷ ಕಳೀತು. ಆಯುಧಪೂಜೆ ಬಂತು.

ಟೆಂಪೋದವನು ಬೆಳಗಿನ ಜಾವಕ್ಕೇ ಗಾಡಿ ತೊಳೆದು ಪೂಜೆ ಮುಗಿಸಿದ್ದ. ಬಾಳೆಕಂದು ಕಟ್ಟಿದ್ದ. ಹೂವಿನ ಹಾರ ಹಾಕಿದ್ದ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದ. ಆ ಊರಲ್ಲಿ ಪೂಜೆ ಆದ ಗಾಡಿಯನ್ನ ಮರುದಿನ ಬನ್ನಿ ಮುಡಿಯೋ ತನಕ ಕದಲಿಸಬಾರದು. ಗಾಡಿಗೂ ಒಂದು ದಿನ ಬಿಡುವು ಬೇಡವಾ ಅಂತಾರೆ. ಕದಲಿಸಿದರೆ ವರ್ಷವೆಲ್ಲ ಕೇಡು ಅಂತ ಹಿರಿಯರು ಹೆದರಿಸ್ತಾರೆ.

ಡ್ರೈವರು ಪೂಜೆ ಮಾಡಿರಲಿಲ್ಲ. ಹಳೇ ಎಣ್ಣೆ ಹೊಟ್ಟೇಲಿ ಇಟ್ಟುಕೊಂಡು ಕಾರು ಪೂಜೆಗೆ ನಿಲ್ಲಬಾರದು ಅನ್ನೋದು ಅವನದೇ ಒಂದು ನಿಯಮ. ಡಬ್ಬ ತುಂಬ ಹೊಸ ಎಣ್ಣೆ ತಂದಿಟ್ಟಿದ್ದ. ಮನೆ ಮುಂದೆ ಮುಂದಿನ ಚಕ್ರಗಳನ್ನ ಕಲ್ಲು ಚಪ್ಪಡಿ ಮೇಲೆ ಹತ್ತಿಸಿ, ಕೆಳಗೆ ಬಾಣಲೆ ಇಟ್ಟು, ಸ್ಪ್ಯಾನರ್ ಹಿಡಕೊಂಡು ನುಸುಳಿದ.

ಟೆಂಪೋದವನು ಗೋಡೆ ಮೇಲಿಂದ ನೋಡ್ತಿದ್ದ. ಮಾತು ಬಿಟ್ಟವನಿಗೆ ನೇರ ಹೇಳೋ ಹಾಗಿಲ್ಲ. ಅದಕ್ಕೆ ತನ್ನ ಟೆಂಪೋ ಕಡೆ ತಿರುಗಿ ಜೋರಾಗಿ ಹೇಳಿದ.

"ನೋಡವ್ವ ಟೆಂಪೋ, ತಿಳಿದವರು ಮೊದಲು ಮೇಲಿನ ಬಿರಡೆ ಸಡಿಲ ಮಾಡ್ಕೊಳ್ತಾರೆ. ಅದು ಬಿಚ್ಚಿತು ಅಂತ ಖಾತ್ರಿ ಆದ ಮೇಲೇ ಕೆಳಗಿಂದು. ನೆನಪಿರಲಿ."

ಡ್ರೈವರು ಕಾರಿನ ಕೆಳಗಿಂದಲೇ ಕಾರಿಗೆ ಹೇಳಿದ, "ಕೇಳಿಸ್ತೇನಪ್ಪಾ? ಕೆಲವರ ಗಾಡಿ ಎಷ್ಟು ತೊಳೆದರೂ ಹೊಗೆ ಬಿಡೋದು ಬಿಡಲ್ಲ."

"ಅಯ್ಯೋ ಟೆಂಪೋ, ನಿನಗೆ ಹೇಳಿದೆ ಕಣವ್ವ, ಕಾರಿಗಲ್ಲ."

"ಕಾರೂ ಕೇಳಿಸ್ಕೊಂಡಿಲ್ಲ ಅಂತ ಹೇಳ್ತಿದೆ."

ಡ್ರೈವರಿಗೆ ಗೊತ್ತಿಲ್ಲದ ಮಾತಲ್ಲ ಅದು. ಗಾಡಿ ಕೆಲಸ ಕಲಿತವರಿಗೆಲ್ಲ ಗೊತ್ತು. ಅವನೂ ಮೊದಲು ಮೇಲಿನದಕ್ಕೇ ಸ್ಪ್ಯಾನರ್ ಇಡೋನೇ ಇದ್ದ. ಆದರೆ ಈಗ ಇಟ್ಟರೆ ಟೆಂಪೋದವನು ಹೇಳಿದ್ದಕ್ಕೆ ಇಟ್ಟ ಹಾಗಾಗ್ತದೆ. ಗೋಡೆ ಆಚೆ ಅವನು ಇನ್ನೂ ನಿಂತಿದಾನೆ.

ಡ್ರೈವರು ಕೈ ಕೆಳಗೆ ತಂದ. ತಳದ ಬಿರಡೆ ಬಿಚ್ಚಿದ.

ಕರೀ ಎಣ್ಣೆ ಬಾಣಲೆಗೆ ಬಿತ್ತು. ಅವನಿಗೆ ಹಾಯ್ ಅನ್ನಿಸಿತು. ಹಳೇದು ಇಳಿಯೋದನ್ನ ನೋಡ್ತಾ ಇದ್ದರೆ ಯಾರಿಗಾದರೂ ಹಾಯ್ ಅನ್ನಿಸ್ತದೆ. ಕೊನೇ ಹನಿ ಬೀಳೋ ತನಕ ನೋಡಿದ. ತಳದ ಬಿರಡೆ ಮತ್ತೆ ಹಾಕಿ ಬಿಗಿದ. ಆಮೇಲೆ ಮೇಲಿನದಕ್ಕೆ ಕೈ ಹಾಕಿದ.

ಅದು ಬಿಚ್ಚಲಿಲ್ಲ.

ಅಂಟು ಕೆತ್ತಿ ತೆಗೆದ. ಬಿಚ್ಚಲಿಲ್ಲ. ಪೈಪು ಸಿಕ್ಕಿಸಿ ಎಳೆದ. ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಕಿತ್ತುಹೋಯಿತು. ಉಳಿ ಇಟ್ಟು ಸುತ್ತಿಗೇಲಿ ಹೊಡೆದ. ಬಿರಡೆಯ ಮೂಲೆಗಳು ಸವೆದು ಗುಂಡಗಾದವು. ಇನ್ನು ಸ್ಪ್ಯಾನರ್ ಕೂಡ ಕಚ್ಚುತ್ತಿರಲಿಲ್ಲ.

ಗೋಡೆ ಆಚೆ ಯಾರೂ ಏನೂ ಹೇಳಲಿಲ್ಲ. ಹೇಳದೇ ಇದ್ದಿದ್ದೇ ಅವನನ್ನ ಇನ್ನೂ ಕೆರಳಿಸಿತು.

"ಸೀಮೆಎಣ್ಣೆ ತಾರೇ," ಅಂತ ಹೆಂಡತಿಗೆ ಕೂಗಿದ. ಸೀಮೆಎಣ್ಣೆ ಬಿಟ್ಟರೆ ಹಿಡಿದುಕೊಂಡಿದ್ದು ಸಡಿಲ ಆಗ್ತದೆ ಅಂತಾರೆ. ಅವಳು ಒಲೆ ಮೇಲೆ ಹೋಳಿಗೆ ಹೂರಣ ಇಟ್ಟಿದ್ದಳು. ಕೈಗೆ ಸಿಕ್ಕಿದ ಖಾಲಿ ಜ್ಯೂಸ್ ಬಾಟಲಿಗೆ ಸುರಿದು ತಂದುಕೊಟ್ಟು ಒಳಗೆ ಓಡಿದಳು. ಅವನು ಅರ್ಧ ಬಾಟಲಿಯಷ್ಟನ್ನ ಬಿರಡೆಗೆ ಸುರಿದ. ಉಳಿದದ್ದನ್ನ ಚಕ್ರದ ಪಕ್ಕ ಇಟ್ಟ. ಮುಚ್ಚಳ ಹಾಕಲಿಲ್ಲ.

ಅವನಿಗೆ ನಾಲ್ಕು ವರ್ಷದ ಮಗಳು ಇದ್ದಳು. ಹೊಸ ಲಂಗ ಹಾಕಿಕೊಂಡು ಬೆಳಗ್ಗೆಯಿಂದ ಕಾಯ್ತಿದ್ದಳು. ಚಕ್ರಕ್ಕೆ ಮೊದಲನೇ ಕುಂಕುಮ ಅವಳೇ ಇಡಬೇಕು ಅಂತ ಮಾತಾಗಿತ್ತು.

"ಅಪ್ಪಾ, ಪೂಜೆ ಯಾವಾಗ?"

"ಆಗ್ತದೆ, ಹೋಗು."

"ಅಪ್ಪಾ, ಬಾಯಾರಿಕೆ."

"ಅಮ್ಮನ್ನ ಕೇಳು ಹೋಗು."

ಅವನು ತಿರುಗಿ ನೋಡಲಿಲ್ಲ. ಕಾರಿನ ಕೆಳಗೆ ಮಲಗಿದವನಿಗೆ ಕಾಣ್ತಾ ಇದ್ದಿದ್ದು ಎರಡು ಪುಟ್ಟ ಪಾದ ಮಾತ್ರ. ಬೆಳ್ಳಿ ಗೆಜ್ಜೆ. ಪಾದ ಅಲ್ಲೇ ನಿಂತಿದ್ದವು. ಅವನು ಬಿರಡೆ ಕಡೆ ನೋಡಿದ. ಸುತ್ತಿಗೆ ಎತ್ತಿದ.

ಒಂದು ಕೆಮ್ಮು ಕೇಳಿಸಿತು.

ಬಾಟಲಿ ಉರುಳಿಕೊಂಡು ಬಂದು ಅವನ ಕಿವಿಗೆ ತಾಗಿ ನಿಂತಿತು. ಅವನು ಅದನ್ನ ನೋಡಿದ. ಅದು ಯಾಕೆ ಉರುಳಿತು ಅಂತ ಯೋಚನೆ ಮಾಡಿದ. ಅಷ್ಟು ಹೊತ್ತು ಬೇಕಾಯಿತು ಅವನಿಗೆ. ಆಮೇಲೆ ಪಾದಗಳು ಇದ್ದ ಕಡೆ ಮೊಣಕಾಲು ಕಾಣಿಸಿತು. ಆಮೇಲೆ ಮುಖ. ಮಗು ನೆಲದ ಮೇಲೆ ಇತ್ತು. ಬಾಯಿಂದ ಸೀಮೆಎಣ್ಣೆ ವಾಸನೆ.

ಡ್ರೈವರು ಎದ್ದ ರಭಸಕ್ಕೆ ಹಣೆ ಕಾರಿನ ಕಬ್ಬಿಣಕ್ಕೆ ಬಡಿದು ಒಡೆಯಿತು. ಅದು ಅವನಿಗೆ ಗೊತ್ತಾಗಿದ್ದು ಸಂಜೆಗೆ.

ಹೆಂಡತಿ ಕೂಗಿದಳು. ಬೀದಿ ಸೇರಿತು. ಮಗು ಕೆಮ್ಮುತ್ತಿತ್ತು, ಉಸಿರು ಸಿಕ್ಕುತ್ತಿರಲಿಲ್ಲ. ಒಬ್ಬ ಮುದುಕಿ, "ಉಪ್ಪುನೀರು ಕುಡಿಸ್ರೋ, ಕಕ್ಕಿಸ್ರೋ, ಎಲ್ಲ ಹೊರಗೆ ಬರಲಿ," ಅಂದಳು. ಎಲ್ಲರೂ ಹೂಂ ಹೂಂ ಅಂದರು. ಡ್ರೈವರು ಮಗುವಿನ ಬಾಯಿಗೆ ಬೆರಳು ಹಾಕಿದ.

ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಓಡಿ ಬಂದಳು. ಬಂದವಳೇ ಅವನ ಕೈ ಮೇಲೆ ಚಟ್ಟನೆ ಹೊಡೆದಳು.

"ಕಕ್ಕಿಸಬೇಡ ಅಣ್ಣಾ! ಹೊಟ್ಟೇಲಿ ಇದ್ದರೆ ಇರಲಿ. ಮೇಲೆ ಬರೋವಾಗ ಶ್ವಾಸಕ್ಕೆ ಹೋಯ್ತು ಅಂದರೆ ಮಗು ಉಳಿಯಲ್ಲ. ಏನೂ ಕುಡಿಸಬೇಡಿ. ಆಸ್ಪತ್ರೆಗೆ ನಡೀರಿ."

ಹಾಲೇಶ ಇಲ್ಲಿ ತಡೆದ. "ಹೊರಗೆ ಹಾಕಿಸಬಾರದಾ?"

"ಬಾರದಂತೆ," ಅಂದರು ಅಜ್ಜಯ್ಯ. "ನನಗೂ ಆ ಡ್ರೈವರು ಹೇಳೋ ತನಕ ಗೊತ್ತಿರಲಿಲ್ಲ."

ಅವರು ಮುಂದುವರಿಸಿದರು.

ಆಶಾ ಕಾರ್ಯಕರ್ತೆ ಫೋನ್ ಮಾಡಿದಳು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು, ಬರೋಕೆ ಮುಕ್ಕಾಲು ಗಂಟೆ ಅಂದರು. ತಾಲೂಕು ಆಸ್ಪತ್ರೆ ಮೂವತ್ತೆರಡು ಕಿಲೋಮೀಟರ್. ಕಾಯೋಕೆ ಆಗಲ್ಲ ಅಂದಳು.

ಡ್ರೈವರು ಕಾರಿನ ಬಾಗಿಲು ತೆಗೆದ. ಹೆಂಡತಿ ಮಗುವನ್ನ ಎತ್ತಿಕೊಂಡು ಹಿಂದೆ ಕೂತಳು. ಆಶಾ ಕಾರ್ಯಕರ್ತೆ ಜೊತೆಗೆ ಹತ್ತಿದಳು. ಅವನು ಕೀ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು. ಕಾರು ಕಲ್ಲು ಚಪ್ಪಡಿಯಿಂದ ದಡ್ ಅಂತ ಹಿಂದಕ್ಕೆ ಇಳಿಯಿತು. ಅವನು ಬೀದಿ ಕಡೆ ತಿರುಗಿಸಿದ.

ಟೆಂಪೋದವನು ಬಂದು ಕಾರಿನ ಮುಂದೆ ನಿಂತ. ಎರಡು ವರ್ಷದಲ್ಲಿ ಮೊದಲನೇ ಸಲ ನೇರ ಅವನಿಗೇ ಹೇಳಿದ.

"ಒಳಗೆ ಎಣ್ಣೆ ಇಲ್ಲ ಕಣೋ. ಮೂವತ್ತು ಕಿಲೋಮೀಟರ್ ಹೋಗಲ್ಲ ಇದು, ದಾರೀಲಿ ಹಿಡ್ಕೊಳ್ತದೆ. ಇಳಿ. ನನ್ನ ಗಾಡಿ ಹತ್ತಿ."

ಡ್ರೈವರು ಹೇಳಿದ, "ನಿನ್ನನ್ನ ಯಾರು ಕೇಳಿದರು? ಸರಿ ಪಕ್ಕಕ್ಕೆ."

"ಹಾಗಂದ್ನಾ?" ಹಾಲೇಶ ಮಧ್ಯೆ ಬಾಯಿ ಹಾಕಿದ. "ಮಗು ಹಾಗಿರೋವಾಗ?"

"ಅಂದ."

"ಎಂಥ ಮನುಷ್ಯ ಅಜ್ಜಯ್ಯ ಅವನು!"

"ಕೆಟ್ಟವನಲ್ಲಪ್ಪ. ಮಗಳು ಅಂದರೆ ಪ್ರಾಣ. ಬಾಯಿಂದ ಏನು ಬಂತು ಅಂತ ಕಿವಿಗೆ ಬಿದ್ದಾಗ ಅವನೇ ಬೆಚ್ಚಿದ. ಆದರೆ ಅಷ್ಟರಲ್ಲಿ ಕಾಲು ಕ್ಲಚ್ ಬಿಟ್ಟಿತ್ತು."

ಟೆಂಪೋದವನು ಪಕ್ಕಕ್ಕೆ ಹಾರಿದ. ಕಾರು ಹೋಯಿತು.

ಐದು ಕಿಲೋಮೀಟರ್ ತನಕ ಏನೂ ಆಗಲಿಲ್ಲ. ಡ್ರೈವರು, ನೋಡಿದೆಯಾ, ಅಂತ ಮನಸಲ್ಲಿ ಅಂದುಕೊಂಡ. ಯಾರಿಗೆ ಅಂದುಕೊಂಡ ಅಂತ ನಾನು ಹೇಳಬೇಕಾ? ಆರನೇ ಕಿಲೋಮೀಟರಿಗೆ ತಳದಿಂದ ಒಂದು ಸಣ್ಣ ಕೂಗು ಶುರುವಾಯಿತು. ಎಂಟಕ್ಕೆ ಅದು ಗರಗಸದ ಸದ್ದಾಯಿತು. ಗೇರಿನ ಹಿಡಿ ಅವನ ಅಂಗೈಯಲ್ಲಿ ನಡುಗುತ್ತಿತ್ತು. ಹಿಂದೆ ಹೆಂಡತಿ ಕೇಳಿದಳು, "ರೀ, ಏನ್ರೀ ಅದು ಸದ್ದು?" ಅವನು ವೇಗ ಹೆಚ್ಚು ಮಾಡಿದ.

ಹನ್ನೊಂದನೇ ಕಿಲೋಮೀಟರಲ್ಲಿ ಒಳಗೆ ಏನೋ ಮುರಿಯಿತು. ಕಾರು ಎರಡು ಸಲ ಎಗರಿ ರಸ್ತೆ ಮಧ್ಯೆ ನಿಂತುಬಿಟ್ಟಿತು. ಗೇರು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಆ ಕಡೆ ಈ ಕಡೆ ಬರೀ ಜೋಳದ ಹೊಲ. ಹಬ್ಬದ ದಿನ, ರಸ್ತೇಲಿ ಒಂದು ಗಾಡಿ ಇಲ್ಲ. ಮಗುವಿನ ತುಟಿ ನೀಲಿಗೆ ತಿರುಗಿತ್ತು. ಡ್ರೈವರು ಸ್ಟೀರಿಂಗ್ ಹಿಡಕೊಂಡೇ ಕೂತಿದ್ದ. ಅವನಿಗೆ ಅಳು ಬರಲಿಲ್ಲ. ಹೆಂಡತಿ ಹಿಂದಿನಿಂದ ಅವನ ಬೆನ್ನಿಗೆ ಗುದ್ದುತ್ತಿದ್ದಳು. ಅದೂ ಅವನಿಗೆ ದೂರದಲ್ಲಿ ಯಾರೋ ಕದ ಬಡಿದ ಹಾಗೆ ಕೇಳಿಸಿತು.

ಆಗ ಹಾರನ್ ಕೇಳಿಸಿತು.

ಹಿಂದಿನಿಂದ ಟೆಂಪೋ ಬಂತು. ಬಾಳೆಕಂದು ಒಂದು ಮುರಿದು ನೇತಾಡುತ್ತಿತ್ತು. ಹೂವಿನ ಹಾರ ಹಾಗೇ ಇತ್ತು. ಪೂಜೆ ಆದ ಗಾಡಿ. ಅವನ ತಾಯಿ ಬೇಡ ಬೇಡ ಅಂತ ಕೂಗಿಕೊಂಡರೂ ನಿಂಬೆಹಣ್ಣು ಜಜ್ಜಿಕೊಂಡು ಹೊರಟಿದ್ದ. ಕಾರು ನಿಲ್ತದೆ ಅಂತ ಅವನಿಗೆ ಗೊತ್ತಿತ್ತು, ಎಲ್ಲಿ ನಿಲ್ತದೆ ಅಂತ ಗೊತ್ತಿರಲಿಲ್ಲ. ಅದಕ್ಕೆ ಊರಿಂದಲೇ ಹಿಂದೆ, ಸ್ವಲ್ಪ ದೂರದಲ್ಲಿ ಬಂದಿದ್ದ.

ಡ್ರೈವರು ಮಗುವನ್ನ ಎತ್ತಿಕೊಂಡು ಟೆಂಪೋ ಹತ್ತಿದ. ಏನೋ ಹೇಳೋಕೆ ಬಾಯಿ ತೆಗೆದ.

"ಈಗ ಬೇಡ," ಅಂದ ಟೆಂಪೋದವನು. "ಕೂಸಿನ ತಲೆ ಎತ್ತಿ ಹಿಡಿ."

ಆಸ್ಪತ್ರೇಲಿ ಮಗುವಿಗೆ ಆಮ್ಲಜನಕ ಹಾಕಿದರು. ಡಾಕ್ಟರು ಹೊರಗೆ ಬಂದು, "ಕಕ್ಕಿಸಲಿಲ್ಲವಲ್ಲ, ಅದೊಂದು ಪುಣ್ಯ," ಅಂದರು. ಆಮೇಲೆ ಗಡಿಯಾರ ನೋಡಿ ಕೇಳಿದರು, "ಕುಡಿದು ಇಷ್ಟು ಹೊತ್ತಾಗಿದೆ. ದಾರೀಲಿ ಎಲ್ಲಾದರೂ ನಿಂತಿದ್ದಿರಾ?"

ಯಾರೂ ಮಾತಾಡಲಿಲ್ಲ. ಟೆಂಪೋದವನೂ ಮಾತಾಡಲಿಲ್ಲ. ಅವನು ಹೇಳಬಹುದಿತ್ತು.

ರಾತ್ರಿ ಕಳೀತು. ಬೆಳಗ್ಗೆ ಮಗು ಕಣ್ಣು ಬಿಟ್ಟಿತು. ಬಾಯಿಗಿದ್ದ ಮಾಸ್ಕ್ ಸರಿಸಿ, "ಅಪ್ಪಾ, ಪೂಜೆ ಮುಗೀತಾ?" ಅಂತ ಕೇಳಿತು. ಆಗ ಡ್ರೈವರಿಗೆ ಅಳು ಬಂತು.

ಅವತ್ತು ಬನ್ನಿ. ಟೆಂಪೋದವನು ಎಲ್ಲಿಂದಲೋ ನಾಲ್ಕು ಬನ್ನಿ ಎಲೆ ತಂದಿದ್ದ. ವರಾಂಡದಲ್ಲಿ ನಿಂತು ಕೈ ಚಾಚಿದ. ಡ್ರೈವರು ತಕ್ಷಣ ತಗೊಳ್ಳಲಿಲ್ಲ.

"ನಿನ್ನೆ ನೀನು ಟೆಂಪೋಗೆ ಹೇಳಿದ್ದು ನಂಗೆ ಕೇಳಿಸಿತ್ತು ಕಣೋ," ಅಂದ.

"ಕೇಳಿಸ್ಲಿ ಅಂತಲೇ ಹೇಳಿದ್ದು."

"ಕಾರಿನ ಮುಂದೆ ನಿಂತು ಹೇಳಿದ್ದೂ ಕೇಳಿಸಿತ್ತು. ಎರಡೂ ಸಲ ಕೇಳಿಸಿತ್ತು. ಒಳಗೆ ಮಾತ್ರ ಹೋಗಲಿಲ್ಲ."

ಟೆಂಪೋದವನು ಎಲೆ ಅವನ ಜೇಬಿಗೆ ಇಟ್ಟ.

ಎಂಟು ದಿನ ಆದ ಮೇಲೆ ಕಾರನ್ನ ಎಳೆದು ತಂದು ಒಬ್ಬ ಗ್ಯಾರೇಜ್ ಮೇಸ್ತ್ರಿ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಕೆಳಗೆ ನುಸುಳಿ ನೋಡಿ, "ಯಾವ ಪುಣ್ಯಾತ್ಮಪ್ಪ ಇದನ್ನ ಹೀಗೆ ಬಿಗಿದಿದ್ದು?" ಅಂತ ಕೇಳಿದ.

"ನಾನೇ," ಅಂದ ಡ್ರೈವರು.

ಮೇಸ್ತ್ರಿ ಸವೆದ ಬಿರಡೆ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿದ. ಕಾವು ತಾಗಿತು. ಸ್ಪ್ಯಾನರ್ ಹಾಕಿ ಒಂದು ಸಲ ತಿರುವಿದ. ಬಿರಡೆ ಬಿಚ್ಚಿ ಅವನ ಅಂಗೈಗೆ ಬಿತ್ತು. ಎರಡು ನಿಮಿಷದ ಕೆಲಸ. ಡ್ರೈವರು ಆ ಬಿರಡೆಯನ್ನ ನೋಡ್ತಾ ನಿಂತ. ಕಾರಿನ ಗೇರ್ ಬಾಕ್ಸ್ ಒಳಗೆ ಒಂದು ಚಕ್ರಕ್ಕೂ ಹಲ್ಲು ಉಳಿದಿರಲಿಲ್ಲ.

ಇವತ್ತಿಗೂ ಚಳಿ ಬಿದ್ದರೆ ಆ ಹುಡುಗಿ ಕೆಮ್ಮುತ್ತಾಳೆ. ಅವಳು ಕೆಮ್ಮಿದಾಗೆಲ್ಲ ಅವನು ಗೋಡೆ ಆಚೆ ನೋಡ್ತಾನೆ.

ಅಜ್ಜಯ್ಯ ಕತೆ ಮುಗಿಸಿದರು. ಹಾಲೇಶ ಕೇಳಿದ.

"ಹಾಗಾದರೆ ಅಣ್ಣಂಗೆ ಏನೂ ಹೇಳಬಾರದು ಅಂತೀರಾ?"

"ಹಳೇ ಎಣ್ಣೆ ಇಳಿಸಬಾರದು ಅಂತ ನಾನೆಲ್ಲಿ ಹೇಳಿದೆ? ಇಳಿಸಲೇಬೇಕು. ಆದರೆ ಮೇಲಿನ ಬಿರಡೆ ಬಿಚ್ಚುತ್ತಾ ಅಂತ ಮೊದಲು ನೋಡ್ಕೋಬೇಕು. ಆ ನೋಟ್‌ಬುಕ್ ಕೊಡು ಇಲ್ಲಿ."

ಹಾಲೇಶ ಕೊಟ್ಟ. ಅಜ್ಜಯ್ಯ ಓದಲಿಲ್ಲ. ಸುಮ್ಮನೆ ಕೈಯಲ್ಲಿ ತೂಗಿ ನೋಡಿದರು.

"ಎಷ್ಟು ಹಾಳೆ?"

"ನೂರು."

"ಎಲ್ಲ ಬರೆದಿದೀಯಾ?"

"ಎರಡೂ ಮಗ್ಗುಲು ಬರೆದಿದೀನಿ ಅಜ್ಜಯ್ಯ. ಸಾಲದೆ ರಟ್ಟಿನ ಒಳಗಡೆನೂ ಬರೆದಿದೀನಿ."

ಅಜ್ಜಯ್ಯ ನೋಟ್‌ಬುಕ್ ವಾಪಸ್ಸು ಅವನ ತೊಡೆ ಮೇಲೆ ಇಟ್ಟರು.

"ಅಪ್ಪ ತೀರಿಕೊಂಡಾಗ ಯಾಕೆ ಹೇಳಲಿಲ್ಲ ಅಂತ ನಿಮ್ಮಣ್ಣ ನಾಳೆ ಹೇಳಿದರೆ, ಅದನ್ನ ಎಲ್ಲಿ ಬರ್ಕೊಳ್ತೀಯಪ್ಪ?"

ಹಾಲೇಶ ನೋಟ್‌ಬುಕ್ ತೆರೆಯಲಿಲ್ಲ.